ಸ್ಕೋರು ಪುಸ್ತಕದಲ್ಲಿ ಸಿಗದವರು

ಹೈಸ್ಕೂಲು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಲೆಕ್ಕ. ಒಬ್ಬ ದಾಂಡಿಗ 80 ಇನಿಂಗ್ಸ್ ಆಡಿ, ಅದರಲ್ಲಿ 10 ಸಲ ಔಟಾಗದೆ ಉಳಿದು, ಒಟ್ಟು 6996 ರನ್ ಗಳಿಸಿದ್ದಾನೆ. ಅವನ ಸರಾಸರಿ ಎಷ್ಟು? ಔಟಾದದ್ದು 70 ಸಲ. 6996ನ್ನು 70ರಿಂದ ಭಾಗಿಸಬೇಕು. ಕ್ರಿಕೆಟ್ ಹುಚ್ಚಿರುವ ಹುಡುಗನಾದರೆ ಪೆನ್ಸಿಲು ಕೈಗೆತ್ತಿಕೊಳ್ಳುವ ಮೊದಲೇ ಉತ್ತರ ಹೇಳಿಬಿಡುತ್ತಾನೆ: 99.94. ಡಾನ್ ಬ್ರಾಡ್ಮನ್!

ಇನ್ನು ನಾಲ್ಕೇ ನಾಲ್ಕು ರನ್ ಹೊಡೆದಿದ್ದರೆ ಮೊತ್ತ 7000, ಸರಾಸರಿ ಸರಿಯಾಗಿ ನೂರು. 1948ರ ಆಗಸ್ಟ್ 14ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಬ್ರಾಡ್ಮನ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್ ಆಡಲು ಬಂದರು. ಇಂಗ್ಲೆಂಡ್ ಆಟಗಾರರು ಸುತ್ತ ನಿಂತು ಮೂರು ಸಲ ಜಯಕಾರ ಹಾಕಿದರು. ಎರಿಕ್ ಹಾಲಿಸ್ ಎಸೆದ ಎರಡನೆಯ ಚೆಂಡು, ಒಂದು ಗೂಗ್ಲಿ, ಬ್ರಾಡ್ಮನ್ನರ ವಿಕೆಟ್ ಉರುಳಿಸಿತು. ಸೊನ್ನೆ.

ಸ್ಕೋರು ಪುಸ್ತಕ ಹೇಳುವುದು ಇಷ್ಟೇ. ಆದರೆ ಜನ ನೆನಪಿಟ್ಟುಕೊಂಡಿರುವುದು ಇನ್ನೊಂದನ್ನು: ಬ್ರಾಡ್ಮನ್ನರ ಕಣ್ಣಲ್ಲಿ ನೀರು ತುಂಬಿತ್ತು, ಚೆಂಡೇ ಕಾಣಲಿಲ್ಲ ಎಂಬುದನ್ನು. ಆ ಹೊತ್ತಿಗೆ ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವರು ಜಾನ್ ಆರ್ಲಟ್. ಇಂಥ ಗಳಿಗೆಯಲ್ಲಿ ಮನುಷ್ಯನಿಗೆ ಚೆಂಡು ಸರಿಯಾಗಿ ಕಂಡೀತೇ ಎಂದು ಅವರು ಮೈಕಿನ ಮುಂದೆಯೇ ಅಚ್ಚರಿಪಟ್ಟಿದ್ದರು. ಮಿಕ್ಕದ್ದನ್ನು ಹೇಳುವವರು, ಬರೆಯುವವರು ಬೆಳೆಸಿರಬೇಕು. ಮನಸ್ಸು ಕಲಕಿದ್ದನ್ನು ಒಪ್ಪಿದ ಬ್ರಾಡ್ಮನ್ ಕಣ್ಣೀರಿನ ಮಾತನ್ನು ಮಾತ್ರ ಒಪ್ಪಲಿಲ್ಲ. ಆದರೂ ಕಥೆ ನಿಂತಿಲ್ಲ. ಪ್ರಯೋಗ ಮಾಡಿ ತೋರಿಸಲು ಬಾರದ ಸಂಗತಿಗಳಿಗೆ ಆಯುಸ್ಸು ಜಾಸ್ತಿ.

ಆಟಗಾರನೊಬ್ಬ ಮೈದಾನ ಬಿಟ್ಟ ಮೇಲೆ ಏನಾಗಿ ಉಳಿಯುತ್ತಾನೆ? ಅಂಕಿಯಾಗಿಯೋ, ಕಥೆಯಾಗಿಯೋ? ಮಾರ್ಕ್ಸ್ ಕಾರ್ಡಿನ ಶೇಕಡಾವಾರಿನಲ್ಲೇ ಮಗನನ್ನೋ ಮಗಳನ್ನೋ ಅಳೆಯುವ ತಂದೆತಾಯಿಯರಿಗೂ ಈ ಪ್ರಶ್ನೆ ಅಷ್ಟೇನೂ ಹೊರಗಿನದಲ್ಲ. ಆದರೆ ಸದ್ಯಕ್ಕೆ ಕ್ರಿಕೆಟ್ಟಿಗೇ ಅಂಟಿಕೊಳ್ಳೋಣ.

ಕ್ರಿಕೆಟ್ ಬರವಣಿಗೆಯನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಿದವರು ನೆವಿಲ್ ಕಾರ್ಡಸ್. ಬಡತನದಲ್ಲಿ ಬೆಳೆದು, ಹೆಚ್ಚು ಶಾಲೆ ಕಲಿಯದೆ, ಗ್ರಂಥಾಲಯಗಳಲ್ಲಿ ಓದಿಯೇ ವಿದ್ಯಾವಂತರಾದವರು. 1919ರಿಂದ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ಕ್ರಿಕೆಟ್ ವರದಿ ಬರೆದರು. ಸಂಗೀತ ವಿಮರ್ಶೆಯೂ ಅವರದೇ. ಸ್ಕೋರ್‌ಬೋರ್ಡನ್ನು ಅವರು ಕತ್ತೆಯೆಂದು ಜರೆದದ್ದು ಪ್ರಸಿದ್ಧ. ಯಾರ್ಕ್‌ಷೈರ್ ತಂಡದಲ್ಲಿ ಎಮಟ್ ರಾಬಿನ್ಸನ್ ಎಂಬ ಒಬ್ಬ ಆಟಗಾರನಿದ್ದ. ಕೌಂಟಿ ಕ್ರಿಕೆಟ್ಟಿಗೆ ಕಾಲಿಟ್ಟಾಗಲೇ ಮೂವತ್ತೈದು ದಾಟಿತ್ತು, ಒಂದೇ ಒಂದು ಟೆಸ್ಟ್ ಆಡಿದವನಲ್ಲ. ಆದರೆ ಕಾರ್ಡಸ್ ಬರವಣಿಗೆಯಲ್ಲಿ ಅವನು ಹಳ್ಳಿಯ ಹಠಮಾರಿ ರೈತನಂತೆ, ಮಾತಿನ ಚಾಟಿ ಬೀಸುತ್ತ, ಒಂದೊಂದು ರನ್ನಿಗೂ ಬಡ್ಡಿ ಲೆಕ್ಕ ಹಾಕುವವನಂತೆ ಜೀವಂತವಾಗಿದ್ದಾನೆ. ಟೆಸ್ಟ್ ಆಡಿದ ನೂರಾರು ಮಂದಿಯನ್ನು ಲೋಕ ಮರೆತಿದೆ, ರಾಬಿನ್ಸನ್ನನನ್ನು ಮರೆತಿಲ್ಲ.

ಇಲ್ಲೊಂದು ತೊಡಕಿದೆ. ರಾಬಿನ್ಸನ್ ಬಾಯಲ್ಲಿ ಬರುವ ಮಾತುಗಳಲ್ಲಿ ಎಷ್ಟನ್ನು ಅವನು ಆಡಿದ್ದ, ಎಷ್ಟನ್ನು ಕಾರ್ಡಸ್ ಆಡಿಸಿದ್ದರು? ಮಾತುಗಳನ್ನು ಕಟ್ಟುತ್ತಿದ್ದುದನ್ನು ಕಾರ್ಡಸ್ ಅಲ್ಲಗಳೆಯಲಿಲ್ಲ. ಆ ಮನುಷ್ಯ ಆಡಬಹುದಾಗಿದ್ದ ಮಾತೇ ಅದು, ಆದ್ದರಿಂದ ಸುಳ್ಳಲ್ಲ ಎಂಬುದು ಅವರ ಸಮರ್ಥನೆಯ ಧಾಟಿ. ವಿಜ್ಞಾನದ ಪ್ರಯೋಗಶಾಲೆಯಲ್ಲಿ ಹುಡುಗನೊಬ್ಬ ಬರಬೇಕಾಗಿದ್ದ ರೀಡಿಂಗನ್ನೇ ಬರೆದೆ ಎಂದರೆ ಯಾವ ಮೇಷ್ಟ್ರೂ ಮಾರ್ಕ್ಸ್ ಕೊಡುವುದಿಲ್ಲ. ಕಾರ್ಡಸರಿಗೆ ಮಾತ್ರ ಓದುಗರು ಧಾರಾಳವಾಗಿ ಕೊಟ್ಟರು.

ರಣಜಿತ್‌ಸಿಂಹರ ವಿಷಯದಲ್ಲಿ ಈ ಧಾರಾಳ ತುಸು ಅತಿಯಾಯಿತು. 1896ರಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟಿನಲ್ಲೇ 62 ಮತ್ತು ಅಜೇಯ 154. 1899ರಲ್ಲಿ ಒಂದೇ ಋತುವಿನಲ್ಲಿ 3159 ರನ್, ಮೂರು ಸಾವಿರ ದಾಟಿದವರಲ್ಲಿ ಮೊದಲಿಗರು. ಅವರನ್ನು ವರ್ಣಿಸುವಾಗ ಆಂಗ್ಲ ಲೇಖಕರಿಗೆ ಪೂರ್ವದೇಶದ ಮಾಟ, ಮಂತ್ರ, ಇಂದ್ರಜಾಲ ಇವೇ ನೆನಪಾದವು. ಕಾರ್ಡಸರೂ ಇದಕ್ಕೆ ಹೊರತಲ್ಲ. ಆದರೆ ಕಾಲ ಪಕ್ಕಕ್ಕೆ ಚೆಂಡನ್ನು ಮೆಲ್ಲಗೆ ಜಾರಿಸುವ ಅವರ ಲೆಗ್ ಗ್ಲಾನ್ಸ್ ಮಂತ್ರವಲ್ಲ. ಕನ್ನಡಿ ಬೆಳಕಿನ ದಿಕ್ಕು ತಿರುಗಿಸುವಂತೆ ದಾಂಡು ಚೆಂಡಿನ ದಿಕ್ಕನ್ನಷ್ಟೇ ತಿರುಗಿಸುತ್ತದೆ. ಓಡುವ ಶಕ್ತಿ ಚೆಂಡಿನದೇ. ಗಂಟೆಗೆ 130 ಕಿಲೋಮೀಟರ್ ವೇಗದ ಚೆಂಡು ಬೌಲರನ ಕೈಯಿಂದ ದಾಂಡಿಗನನ್ನು ತಲುಪಲು ಹೆಚ್ಚು ಕಡಿಮೆ ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿಗಾಗಿ ರಣಜಿ ಕೇಂಬ್ರಿಜ್‌ನಲ್ಲಿ ದುಡ್ಡು ಕೊಟ್ಟು ವೃತ್ತಿಪರ ಬೌಲರುಗಳನ್ನು ಗೊತ್ತುಮಾಡಿಕೊಂಡು ಗಂಟೆಗಟ್ಟಲೆ ಅಭ್ಯಾಸ ಮಾಡಿದ್ದರು. ಆ ಬೆವರು ಇಂದ್ರಜಾಲದ ಹೊಗೆಯಲ್ಲಿ ಮರೆಯಾಯಿತು.

ಆಸ್ಟ್ರೇಲಿಯಾದ ವಿಕ್ಟರ್ ಟ್ರಂಪರ್ ಕಥೆಯೇ ಬೇರೆ. ಟೆಸ್ಟ್ ಸರಾಸರಿ 39.04, ಬ್ರಾಡ್ಮನ್ನರದರ ಅರ್ಧವೂ ಇಲ್ಲ. ಆದರೂ ಅವರ ಆಟ ಕಂಡ ಹಿರಿಯರು ಟ್ರಂಪರ್ ಸಮಾನ ಇನ್ನೊಬ್ಬರಿಲ್ಲ ಎಂದೇ ವಾದಿಸಿದರು. 1902ರ ಮಳೆಗಾಲದಂಥ ಬೇಸಿಗೆಯಲ್ಲಿ, ಇಂಗ್ಲೆಂಡಿನ ಒದ್ದೆ ಪಿಚ್ಚುಗಳ ಮೇಲೆ, ಓಲ್ಡ್ ಟ್ರಾಫರ್ಡಿನಲ್ಲಿ ಮೊದಲ ದಿನ ಊಟದ ವಿರಾಮಕ್ಕೆ ಮುಂಚೆಯೇ ಶತಕ ಬಾರಿಸಿದವರು. ಅವರು ಉಳಿದಿರುವುದು ಮುಖ್ಯವಾಗಿ ಜಾರ್ಜ್ ಬೆಲ್ಡಮ್ ಓವಲ್‌ನಲ್ಲಿ ತೆಗೆದು, 1905ರಲ್ಲಿ ಪುಸ್ತಕವೊಂದರಲ್ಲಿ ಅಚ್ಚಾದ ಒಂದು ಛಾಯಾಚಿತ್ರದಲ್ಲಿ: ಮುಂಗಾಲು ಚಾಚಿ, ದಾಂಡು ಹಿಂದಕ್ಕೆತ್ತಿ, ಈಗಿನ್ನೂ ಹಾರಲಿರುವ ಹಕ್ಕಿಯಂತೆ. ಅದು ಪಂದ್ಯದ ಚಿತ್ರವೇ ಅಲ್ಲ, ಕ್ಯಾಮರಾಕ್ಕಾಗಿಯೇ ಆಡಿ ತೋರಿಸಿದ್ದು. ಟ್ರಂಪರ್ 37ರ ವಯಸ್ಸಿಗೇ, 1915ರಲ್ಲಿ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು.

ಕನ್ನಡಿಗರಿಗೆ ಇದು ಅರ್ಥವಾಗದ ಮಾತೇನೂ ಅಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಟೆಸ್ಟ್‌ಗಳಲ್ಲಿ 14 ಶತಕ ಹೊಡೆದರು. ಹಳಬರನ್ನು ಕೇಳಿ, ಅವರು ಮೊದಲು ಹೇಳುವುದು ಆ ಹದಿನಾಲ್ಕರಲ್ಲಿ ಸೇರದ ಇನಿಂಗ್ಸನ್ನು. 1975ರ ಜನವರಿ, ಮದರಾಸಿನ ಚೆಪಾಕ್, ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ ಏಳು ವಿಕೆಟ್ ಕಿತ್ತ ದಿನ. ಭಾರತದ ಒಟ್ಟು 190ರಲ್ಲಿ ವಿಶಿ ಅಜೇಯ 97. ಶತಕಗಳ ಕಾಲಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ. ಬರೆಯುವವರು ಜಾಗ ಕೊಟ್ಟರು.

ಹಾಗಾದರೆ ಬರೆಯುವವರೇ ಇಲ್ಲದಿದ್ದರೆ?

1870ರ ದಶಕದಲ್ಲಿ ನಮ್ಮ ಧಾರವಾಡದಲ್ಲಿ ಒಂದು ಮಗು ಹುಟ್ಟಿತು. ಹೆಸರು ಬಾಲೂ. ಮನೆತನದ ಮೂಲ ಕೊಂಕಣದ ಪಾಲವಣ, ಆದ್ದರಿಂದ ಪಾಲವಣಕರ. ಚಮ್ಮಾರ ಜಾತಿ, ಆಗಿನ ಸಮಾಜ ಮುಟ್ಟದೆ ದೂರವಿಟ್ಟಿದ್ದ ಜನ. ತಂದೆಗೆ ಸೈನ್ಯದಲ್ಲಿ ಕೆಲಸ. ಕುಟುಂಬ ಪುಣೆಗೆ ಹೋದ ಮೇಲೆ ಬಾಲೂ ಮತ್ತು ತಮ್ಮ ಶಿವರಾಮ, ಅಧಿಕಾರಿಗಳು ಬಳಸಿ ಬಿಟ್ಟ ದಾಂಡು ಚೆಂಡುಗಳಲ್ಲಿ ಆಟ ಕಲಿತರು. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ, ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ಬಾಲೂಗೆ ಚಾಕರಿ: ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ನೆಟ್ ಕಟ್ಟುವುದು. ತಿಂಗಳಿಗೆ ಮೂರು ನಾಲ್ಕು ರೂಪಾಯಿ. ಬಿಡುವಾದಾಗ ಸಾಹೇಬರಿಗೆ ಬೌಲಿಂಗ್ ಮಾಡಬೇಕು. ಎಡಗೈ ಸ್ಪಿನ್. ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ಅತ್ತ ಕೇಂಬ್ರಿಜ್‌ನಲ್ಲಿ ರಣಜಿ ಸಂಬಳದ ಬೌಲರುಗಳನ್ನಿಟ್ಟುಕೊಂಡು ಆಡುತ್ತಿದ್ದರು. ಇತ್ತ ಬಾಲೂ ತಾವೇ ಸಂಬಳದ ಬೌಲರು. ಸಾಹೇಬರ ಪೈಕಿ ಜೆ.ಜಿ. ಗ್ರೇಗ್ ದೊಡ್ಡ ದಾಂಡಿಗ. ಇನಿಷಿಯಲ್ಲನ್ನು ತಿರುಚಿ ಜನ ಅವರನ್ನು ‘ಜಂಗ್ಲಿ’ ಎನ್ನುತ್ತಿದ್ದರು. ಬಾಲೂ ತನ್ನನ್ನು ಔಟ್ ಮಾಡಿದಾಗಲೆಲ್ಲ ಗ್ರೇಗ್ ಎಂಟಾಣೆ ಕೊಡುತ್ತಿದ್ದರೆಂದು ಕಥೆಯಿದೆ. ಕಥೆ ನಿಜವೋ ಅಲ್ಲವೋ, ಅಷ್ಟು ವರ್ಷ ಬೌಲ್ ಮಾಡಿದ ಬಾಲೂ ಕೈಗೆ ಆ ಕ್ಲಬ್ಬಿನಲ್ಲಿ ಯಾರೂ ಒಂದು ದಿನವೂ ದಾಂಡು ಕೊಡಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ ಹುಟ್ಟಿತು. ಬಾಲೂ ಬೇಕು, ಆದರೆ ಅವರ ಜಾತಿ ಬೇಡ! ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟುವುದು ಒಂದೇ ಚೆಂಡು. ಚಹಾ ವಿರಾಮವಾಯಿತೋ, ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಹೊರಗೆ ಮಣ್ಣಿನ ಕುಡಿಕೆ. ಊಟದ ತಟ್ಟೆಯೂ ಬೇರೆ. ಚೆಂಡಿನ ಮೂಲಕ ಹತ್ತದ ಮೈಲಿಗೆ ಬಸಿಯ ಮೂಲಕ ಹತ್ತುವುದು ಹೇಗೆಂದು ಯಾವ ಭೌತಶಾಸ್ತ್ರವೂ ವಿವರಿಸಲಾರದು. ನ್ಯಾಯಮೂರ್ತಿ ಎಂ.ಜಿ. ರಾನಡೆಯವರು ಇದನ್ನು ಗಮನಿಸಿ, ಜೊತೆಗೆ ಆಡುವವರು ಜೊತೆಗೆ ಉಣ್ಣಲೂ ಬೇಕೆಂದು ಬಹಿರಂಗವಾಗಿ ಹೇಳಿದರು.

ಪ್ಲೇಗು ಬಂದ ಮೇಲೆ ಬಾಲೂ ಮುಂಬಯಿ ಸೇರಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಬಾಲೂ ಬೌಲಿಂಗಿನದೇ ಮುಖ್ಯ ಪಾಲು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಮಹಾರಾಜರಿಗೆ ಆಟಕ್ಕಿಂತ ಔತಣಗಳ ಗಡಿಬಿಡಿ ಹೆಚ್ಚು. ತಂಡ ಸಾಲುಸಾಲಾಗಿ ಸೋತಿತು. ಆ ಸೋಲುಗಳ ನಡುವೆ ಮೂವತ್ತೈದರ ಆಸುಪಾಸಿನ ಬಾಲೂ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಸರಾಸರಿ ಹತ್ತೊಂಬತ್ತಕ್ಕೂ ಕಡಿಮೆ. ಊರಿಗೆ ಮರಳಿದಾಗ ಮುಂಬಯಿಯಲ್ಲಿ ಅವರ ಜನ ಸನ್ಮಾನ ಮಾಡಿದರು. ಆ ಸನ್ಮಾನದಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯ ಪಾತ್ರವೂ ಇತ್ತು. ಹೆಸರು ಭೀಮರಾವ್ ಅಂಬೇಡ್ಕರ್.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಲೂಗೆ ಸಿಗಲಿಲ್ಲ. ನಾಯಕರಾದ ಎಂ.ಡಿ. ಪೈ ಅವರೇ ಈ ಗೌರವ ಬಾಲೂಗೆ ಸಲ್ಲಬೇಕಿತ್ತೆಂದು ಹೇಳಿದರೂ ಆಯ್ಕೆಗಾರರು ಅಲುಗಲಿಲ್ಲ. 1920ರಲ್ಲಿ ಬಾಲೂರನ್ನು ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠಲ ಆಡಲು ನಿರಾಕರಿಸಿ ಹೊರನಡೆದರು.

ಮುಂದೆ 1937ರ ಚುನಾವಣೆಯಲ್ಲಿ ಬಾಲೂ ಕಾಂಗ್ರೆಸ್ ಅಭ್ಯರ್ಥಿಯಾಗಿ ಅದೇ ಅಂಬೇಡ್ಕರರ ಎದುರು ನಿಂತು ಸುಮಾರು ಎರಡು ಸಾವಿರ ಮತಗಳಿಂದ ಸೋತರು. 1955ರಲ್ಲಿ ತೀರಿಕೊಂಡರು. ಆಮೇಲೆ ದೀರ್ಘ ಮೌನ. ಭಾರತದ ಕ್ರಿಕೆಟ್ ಕಥೆ ಎಂದರೆ ರಣಜಿ, ಪಟಿಯಾಲ, ಮಹಾರಾಜರು, ನವಾಬರು ಎಂದೇ ಎರಡು ಮೂರು ತಲೆಮಾರು ಓದಿತು. ಆಟದ ಬಗ್ಗೆ ಬರೆದ ಹೆಚ್ಚಿನವರು ರೋಲರ್ ಎಳೆದವನ ಕಡೆ ತಿರುಗಿ ನೋಡಲಿಲ್ಲ. ಬಾಲೂಗೊಬ್ಬ ಕಾರ್ಡಸ್ ಇರಲಿಲ್ಲ.

ವೆಸ್ಟ್ ಇಂಡೀಸಿನವರು ಈ ವಿಷಯದಲ್ಲಿ ಅದೃಷ್ಟವಂತರು. ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್ ಇತಿಹಾಸಕಾರರು. 1963ರಲ್ಲಿ ಬಂದ ಅವರ ‘ಬಿಯಾಂಡ್ ಎ ಬೌಂಡರಿ’ ಪುಸ್ತಕ ಯಾರ ಮೈಬಣ್ಣಕ್ಕೆ ಯಾವ ಕ್ಲಬ್ಬು, ಯಾರಿಗೆ ನಾಯಕತ್ವ ಎಂಬುದನ್ನು ಆಟದಿಂದ ಬೇರ್ಪಡಿಸದೆ ಬರೆಯಿತು. ಅದಕ್ಕೂ ಮೊದಲು ಜೇಮ್ಸ್ ತಮ್ಮ ಪತ್ರಿಕೆಯಲ್ಲಿ ಫ್ರಾಂಕ್ ವೊರೆಲ್ ನಾಯಕರಾಗಲೇಬೇಕೆಂದು ಪಟ್ಟು ಹಿಡಿದು ಬರೆದಿದ್ದರು. ಕಪ್ಪು ಆಟಗಾರನೊಬ್ಬ ಪೂರ್ಣ ಸರಣಿಗೆ ನಾಯಕನಾದದ್ದು 1960-61ರ ಆಸ್ಟ್ರೇಲಿಯಾ ಪ್ರವಾಸದಲ್ಲಿ, ಮೊದಲ ಬಾರಿಗೆ. ಬ್ರಿಸ್ಬೇನಿನಲ್ಲಿ ಟೈ ಆದ ಆ ಪಂದ್ಯ ಇದೇ ಸರಣಿಯದು.

ಬಾಲೂ ಕಥೆಯನ್ನು ಮತ್ತೆ ಬೆಳಕಿಗೆ ತಂದವರು ಬೆಂಗಳೂರಿನಲ್ಲಿ ನೆಲೆಸಿರುವ ರಾಮಚಂದ್ರ ಗುಹಾ. ಹಳೆಯ ಪತ್ರಿಕೆಗಳ ಕಡತ ಕೆದಕಿ, ವಿಠಲ ಮರಾಠಿಯಲ್ಲಿ ಬರೆದಿದ್ದ ಆತ್ಮಕಥೆ ಓದಿ, 2002ರಲ್ಲಿ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ಎಂಬ ಪುಸ್ತಕ ಹೊರತಂದರು. ಅದರಲ್ಲಿ ಬಾಲೂ ಮಾಂತ್ರಿಕನಲ್ಲ, ದೇವರೂ ಅಲ್ಲ. ಮುಂಜಾನೆ ನೆಟ್ಟಿನಲ್ಲಿ ಬೆವರು ಸುರಿಸುವ, ಹೊರಗೆ ನಿಂತು ಕುಡಿಕೆಯಲ್ಲಿ ಚಹಾ ಕುಡಿಯುವ, ಹೋಗಿ ಮತ್ತೆ ವಿಕೆಟ್ ಕೀಳುವ ಮನುಷ್ಯ. ಕಾರ್ಡಸರ ಮೋಡಿ ಈ ಬರವಣಿಗೆಯಲ್ಲಿಲ್ಲ, ಸಾಕ್ಷ್ಯವಿದೆ. ಸ್ವಂತ ಅಣ್ಣನ ಬಗ್ಗೆ ಬರೆಯುವ ತಮ್ಮನ ಮಾತಿನಲ್ಲಿ ಪ್ರೀತಿ ಸೇರಿರುತ್ತದೆ, ಅದನ್ನು ಪತ್ರಿಕೆಯ ವರದಿಯ ಪಕ್ಕದಲ್ಲಿಟ್ಟು ತಾಳೆ ನೋಡಬೇಕಾಗುತ್ತದೆ. ಇದು ನಿಧಾನದ ಕೆಲಸ, ಮಾಡುವವರು ಕಡಿಮೆ. ಧಾರವಾಡದ ಮಗನೊಬ್ಬನ ಹೆಸರು ಕನ್ನಡದ ಮಕ್ಕಳ ಕಿವಿಗೆ ಬೀಳಲು ಅಷ್ಟು ಕಾಲ ಹಿಡಿಯಿತು.

1923ರಲ್ಲಿ ಹಿಂದೂ ತಂಡದ ನಾಯಕತ್ವ ಕಡೆಗೂ ಪಾಲವಣಕರ ಮನೆತನಕ್ಕೆ ಬಂತು. ನಾಯಕರಾದವರು ಕಿರಿಯ ತಮ್ಮ ವಿಠಲ. ಆ ವರ್ಷ ತಂಡ ಚತುಷ್ಕೋನ ಪಂದ್ಯಾವಳಿ ಗೆದ್ದಿತು. ಬಾಲೂರ ಆಟದ ದಿನಗಳು ಆ ಹೊತ್ತಿಗೆ ಮುಗಿದುಹೋಗಿದ್ದವು.