ಕೊಳವೆಯೊಳಗೆ ಕಟ್ಟುವ ಗಡ್ಡೆ

2010ರ ಮೇ ಮೊದಲ ವಾರ. ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು ಹನ್ನೊಂದು ಮಂದಿ ಸತ್ತು ಎರಡು ವಾರ ಕಳೆದಿತ್ತು. ಸುಮಾರು 1,500 ಮೀಟರ್ ಆಳದಲ್ಲಿ ತೈಲ ಉಕ್ಕುತ್ತಲೇ ಇತ್ತು. ಸೋರಿಕೆಯ ಮೇಲೆ ನೂರು ಟನ್ನಿನ ಉಕ್ಕಿನ ಪೆಟ್ಟಿಗೆಯೊಂದನ್ನು ಕವುಚಿ, ಅದರ ನೆತ್ತಿಯಿಂದ ತೈಲವನ್ನು ಹಡಗಿಗೆ ಎಳೆದುಕೊಳ್ಳುವುದು ಬಿಪಿ ಕಂಪನಿಯ ಯೋಜನೆ. ಪೆಟ್ಟಿಗೆ ಇಳಿಯುತ್ತಿದ್ದಂತೆ ಒಳಗೆಲ್ಲ ಮಂಜಿನಂಥ ಹರಳು ತುಂಬಿಕೊಂಡು ನೆತ್ತಿಯ ಬಾಯಿ ಮುಚ್ಚಿಹೋಯಿತು. ನೀರಿಗಿಂತ ಹಗುರಾದ ಆ ಹರಳು ಪೆಟ್ಟಿಗೆಯನ್ನೇ ಮೇಲೆತ್ತತೊಡಗಿತು. ಪಕ್ಕಕ್ಕೆ ಸರಿಸಿ ಇಡದೆ ಬೇರೆ ದಾರಿ ಇರಲಿಲ್ಲ.

ಆ ಹರಳೇ ಗ್ಯಾಸ್ ಹೈಡ್ರೇಟ್. ನೀರಿನ ಅಣುಗಳು ಒಂದಕ್ಕೊಂದು ಕೈಹಿಡಿದು ಪಂಜರ ಕಟ್ಟುತ್ತವೆ, ಪಂಜರದೊಳಗೆ ಮೀಥೇನಿನ ಅಣು ಸಿಕ್ಕಿಬೀಳುತ್ತದೆ. ಇಷ್ಟಕ್ಕೆ ಸೊನ್ನೆ ಡಿಗ್ರಿ ಚಳಿ ಬೇಕಿಲ್ಲ. ಒತ್ತಡ ಜಾಸ್ತಿಯಿದ್ದರೆ ಸಾಕು. 4 ಡಿಗ್ರಿಯಲ್ಲಿ ವಾತಾವರಣದ ನಲವತ್ತು ಪಟ್ಟು ಒತ್ತಡಕ್ಕೇ ಹರಳು ಕಟ್ಟುತ್ತದೆ; 1,500 ಮೀಟರ್ ಆಳದಲ್ಲಿರುವುದು ನೂರೈವತ್ತು ಪಟ್ಟು. ಅಲ್ಲಿ 15 ಡಿಗ್ರಿಯೂ ಹೈಡ್ರೇಟಿಗೆ ಚಳಿಯೇ. ಇದೇನೂ ಹೊಸ ಸಂಗತಿಯಲ್ಲ. ಅಮೆರಿಕದ ಗ್ಯಾಸ್ ಪೈಪುಗಳು ಕಟ್ಟಿಕೊಳ್ಳುವುದಕ್ಕೆ ಕಾರಣ ಬರೀ ಮಂಜುಗಡ್ಡೆಯಲ್ಲ, ಹೈಡ್ರೇಟ್ ಎಂದು ಹ್ಯಾಮರ್‌ಶ್ಮಿಟ್ ಎಂಬ ಸಂಶೋಧಕರು 1934ರಲ್ಲೇ ತೋರಿಸಿಕೊಟ್ಟಿದ್ದರು.

ಬಾವಿಯಿಂದ ಬರುವ ತೈಲ, ಗ್ಯಾಸ್ ಬಿಸಿಯಾಗಿಯೇ ಇರುತ್ತವೆ. ಹರಿಯುತ್ತಿರುವಷ್ಟು ಹೊತ್ತು, ಪೈಪಿಗೆ ಶಾಖ ಕಾಯುವ ಹೊದಿಕೆಯಿದ್ದರೆ, ಸಾಮಾನ್ಯವಾಗಿ ಭಯವಿಲ್ಲ. ಕಾಟ ಶುರುವಾಗುವುದು ಹರಿವು ನಿಂತಾಗ. ಚಂಡಮಾರುತಕ್ಕೋ ದುರಸ್ತಿಗೋ ಕವಾಟ ಮುಚ್ಚಿದರೆ ಒಳಗಿನದ್ದೆಲ್ಲ ನಿಧಾನವಾಗಿ ಕಡಲಿನ ಚಳಿಗೆ ಇಳಿಯುತ್ತದೆ, ನೀರು ತಗ್ಗಿನ ಬಾಗುಗಳಲ್ಲಿ ಮಡುಗಟ್ಟುತ್ತದೆ. ಮತ್ತೆ ಕವಾಟ ತೆರೆದಾಗ ಗ್ಯಾಸ್ ಆ ನೀರನ್ನು ಕಲಕುತ್ತದೆ, ಹರಳು ಕಟ್ಟುವುದು ಆಗ. ನಿಲ್ಲಿಸಿ ಮತ್ತೆ ಶುರುಮಾಡುವ ಗಳಿಗೆಗೆ ಸಿದ್ಧತೆ ಮಾಡಿಕೊಳ್ಳದವರು ಆಳದ ಕಡಲಿಗೆ ಇಳಿಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಿದ್ಧತೆ ಎಂದರೆ ಮುಖ್ಯವಾಗಿ ಮೆಥನಾಲ್ ಇಲ್ಲವೇ ಗ್ಲೈಕಾಲ್. ಇವು ನೀರಿನೊಂದಿಗೆ ಬೆರೆತು ಅದು ಪಂಜರ ಕಟ್ಟದಂತೆ ತಡೆಯುತ್ತವೆ. ಮೆಕ್ಸಿಕೋ ಕೊಲ್ಲಿಯ ಅದೇ ಸೋರಿಕೆಗೆ ಜೂನಿನಲ್ಲಿ ಇಳಿಸಿದ ಮುಚ್ಚಳಕ್ಕೆ ಮೆಥನಾಲ್ ಹಾಯಿಸುವ ವ್ಯವಸ್ಥೆ ಮಾಡಿಕೊಂಡಿದ್ದರು. ನಮ್ಮ ಕೃಷ್ಣಾ-ಗೋದಾವರಿ ಕಣಿವೆಯ ಕೆಜಿ-ಡಿ6 ಎಂಬ ಕಡಲ ಗ್ಯಾಸ್ ಕ್ಷೇತ್ರದಲ್ಲಿ ಬಳಕೆಯಲ್ಲಿರುವುದು ಗ್ಲೈಕಾಲ್. ಗ್ಯಾಸಿನ ಜೊತೆ ದಡಕ್ಕೆ ಬಂದದ್ದನ್ನು ಶುದ್ಧಮಾಡಿ ಮತ್ತೆ ಕಡಲಿಗೆ ಕಳಿಸುತ್ತಾರೆ. (ಅದೇ ಕಣಿವೆಯ ಕಡಲತಳದ ಕೆಸರಿನಲ್ಲಿ ದಪ್ಪನೆಯ ಹೈಡ್ರೇಟ್ ನಿಕ್ಷೇಪ ಇರುವುದು 2006ರ ಶೋಧಯಾತ್ರೆಯಲ್ಲಿ ಗೊತ್ತಾಯಿತು. ಪೈಪಿನಲ್ಲಿದ್ದರೆ ಪೀಡೆ, ಕೆಸರಿನಲ್ಲಿದ್ದರೆ ನಾಳೆಯ ಇಂಧನ!)

ಇಷ್ಟಾದರೂ ಗಡ್ಡೆ ಕಟ್ಟಿತೆನ್ನಿ. ಬಿಸಿಮಾಡಿ ಕರಗಿಸೋಣ ಎನ್ನುವುದು ಯಾರಿಗಾದರೂ ತೋಚುವ ಉಪಾಯ, ಎಚ್ಚರ ತಪ್ಪಿದರೆ ಅಪಾಯವೂ ಹೌದು. ಒಂದು ಲೀಟರ್ ಹೈಡ್ರೇಟಿನಲ್ಲಿ ಹೊರಗಿನ ವಾತಾವರಣದ ಒತ್ತಡದ ಲೆಕ್ಕದಲ್ಲಿ ನೂರರವತ್ತು ಲೀಟರಿಗೂ ಹೆಚ್ಚು ಗ್ಯಾಸ್ ಅಡಗಿರುತ್ತದೆ. ಗಡ್ಡೆಯ ನಡುಭಾಗ ಮಾತ್ರ ಕರಗಿದರೆ ಆ ಗ್ಯಾಸಿಗೆ ಹೋಗಲು ದಾರಿಯಿಲ್ಲದೆ ಪೈಪೇ ಸಿಡಿಯಬಹುದು. ಒತ್ತಡ ಇಳಿಸಿದರೂ ಹರಳು ಕರಗುತ್ತದೆ, ಆದರೆ ಒಂದೇ ಬದಿಯ ಒತ್ತಡ ಇಳಿಸಿದರೆ, ಬಿದಿರಿನ ಪೆಟ್ಲಿನಿಂದ ಕಾಯಿ ಚಿಮ್ಮಿದ ಹಾಗೆ, ಗಡ್ಡೆ ಇನ್ನೊಂದು ಬದಿಯ ಒತ್ತಡಕ್ಕೆ ಸಿಕ್ಕಿ ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ಹಾರಿ ಮುಂದಿನ ತಿರುವನ್ನೇ ಒಡೆಯಬಹುದು. ಹಾಗಾಗಿ ಎರಡೂ ಬದಿಯ ಒತ್ತಡವನ್ನು ಒಟ್ಟೊಟ್ಟಿಗೆ, ತುಸುತುಸುವೇ ಇಳಿಸುತ್ತ ಕಾಯುತ್ತಾರೆ. ಗಡ್ಡೆ ಅಂಚಿನಿಂದ ಒಳಕ್ಕೆ ಸವೆದು ಕರಗುವುದಕ್ಕೆ ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅಷ್ಟು ದಿನವೂ ಆ ಬಾವಿಯಿಂದ ಒಂದು ಹನಿಯೂ ಮೇಲೆ ಬರುವುದಿಲ್ಲ.