ಹೊಸ ಫೋನ್ ಬೇಕು, ಸರಿ. ಆದರೆ ಮನೆಯಲ್ಲಿ ಯಾರಿಗೆ?

ಗಡಿಯಲ್ಲಿ ಇರುವ ನಮಗೆ ಒಂದು ಭಾಗ್ಯ ಉಂಟು: ಆಫರ್ ಎರಡು ಕಡೆಯಿಂದ ಬರುತ್ತದೆ. ಕಾಸರಗೋಡಿನ ಅಂಗಡಿಗಳಲ್ಲಿ ಓಣಂ ಆಫರ್ ಮುಗಿಯುವಷ್ಟರಲ್ಲಿ ಮಂಗಳೂರಿನಲ್ಲಿ ದಸರಾ ಆಫರ್ ಶುರುವಾಗುತ್ತದೆ. ಅದು ದೀಪಾವಳಿಯವರೆಗೆ ಎಳೆಯುತ್ತದೆ, ಮತ್ತೆ ಕ್ರಿಸ್ಮಸ್ಸಿನದ್ದು ಹೇಗೂ ಉಂಟಲ್ಲ. ನಡುವೆ ಯಾರಾದರೂ ದುಬೈಯಿಂದಲೋ ಕುವೈತ್‌ನಿಂದಲೋ ರಜೆಯಲ್ಲಿ ಬಂದು ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ಫೋಟೋ ತೆಗೆದರೆ, ಆ ಫೋನ್ ನೋಡಿ ನಮ್ಮ ಕೈಯಲ್ಲಿರುವುದು ಒಮ್ಮೆಲೇ ಹಳೆಯದಾಗಿ ಬಿಡುತ್ತದೆ.

ಈ ಸಲ ವಿಷಯ ಎದ್ದದ್ದು ಹೀಗೆ. ಭಾನುವಾರದ ನಮ್ಮ ಯುವ ಸಂಘದ ಸಭೆ ಕ್ರೀಡಾಕೂಟದ ಬಗ್ಗೆ ಇತ್ತು. ಮುಗಿಯುವಾಗ ನಮ್ಮಲ್ಲೊಬ್ಬ ಕೇಳಿದ: 32,000 ರೂಪಾಯಿಯ ಫೋನ್, ಹನ್ನೆರಡು ತಿಂಗಳ ಇಎಂಐ, ಬಡ್ಡಿ ಇಲ್ಲ, ತೆಗೆಯುವುದಾ ಬೇಡವಾ? ಕ್ರೀಡಾಕೂಟದ ಬಗ್ಗೆ ಬಾಯಿ ಬಿಡದವರೂ ಮಾತಾಡಲು ಶುರು ಮಾಡಿದರು. ಒಂದೂವರೆ ಗಂಟೆ ಹೋಯಿತು. ಹಾಲಿನ ಬೀಗ ಹಾಕಲು ಬಂದವರೂ ಕೂತು ಕೇಳಿದರು. ಅಂದಿನ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂದು ಹೇಳುವುದಕ್ಕಾಗಿ ಈ ಬರಹ. ನಾವು ತಜ್ಞರೇನಲ್ಲ. ಆದರೆ ನಮ್ಮಲ್ಲೊಬ್ಬ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಅವನಿಗೆ ಫೋನಿನ ಒಳಗೂ ಗೊತ್ತು, ಫೋನ್ ತರುವವರ ಮನಸ್ಸೂ ಗೊತ್ತು.

ಅವನು ಮೊದಲು ಕೇಳಿದ್ದು, "ಈಗ ಇರುವುದಕ್ಕೆ ಎಂತ ಆಗಿದೆ?" ಎಂದು. ಫೋನ್ 2021ರದ್ದು. ಚಾರ್ಜ್ ಮಧ್ಯಾಹ್ನಕ್ಕೆ ಖಾಲಿ, ತುಂಬಾ ಸ್ಲೋ, ಜಾಗ ಇಲ್ಲ. ಕ್ಯಾಮೆರಾ ಸಾಧಾರಣ. ಇದರಲ್ಲಿ ಮೊದಲಿನ ಮೂರೂ ಫೋನ್ ಬದಲಿಸದೆ ಸರಿಯಾಗುವ ತೊಂದರೆಗಳು ಎಂದು ಅವನು ಹೇಳಿದಾಗ ಯಾರಿಗೂ ಅಷ್ಟು ಖುಷಿಯಾಗಲಿಲ್ಲ.

ಬ್ಯಾಟರಿ ಸವೆಯುವ ವಸ್ತು, ಬೈಕಿನ ಟಯರಿನ ಹಾಗೆ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವುಗಳ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಶೇ. 80ರ ಸಾಮರ್ಥ್ಯಕ್ಕೆ ಇಳಿಯುವಂತೆ ಮಾಡಿದ್ದು ಎಂದು ಆಪಲ್ ಕಂಪನಿಯೇ ಹೇಳುತ್ತದೆ. ದಿನಕ್ಕೊಂದು ಪೂರ್ತಿ ಚಾರ್ಜ್ ಎಂದರೆ ಒಂದೂವರೆ ವರ್ಷ ಕೂಡ ಆಗಲಿಲ್ಲ. ಅದೇ ಕಂಪನಿ ಹಳೆ ಬ್ಯಾಟರಿ ಇರುವ ಐಫೋನ್‌ಗಳ ವೇಗವನ್ನು ತಾನೇ ಕಡಿಮೆ ಮಾಡುತ್ತಿದ್ದೇನೆ ಎಂದು 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ದಣಿದಾಗ ಫೋನ್ ತಟ್ಟನೆ ಆಫ್ ಆಗಬಾರದು ಎಂಬುದು ಅವರು ಕೊಟ್ಟ ಕಾರಣ. ಗಲಾಟೆಯಾದ ಮೇಲೆ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿದರು. ಜನ ಸಾಲುಗಟ್ಟಿ ಬ್ಯಾಟರಿ ಹಾಕಿಸಿಕೊಂಡರು. 2019ರ ಜನವರಿಯಲ್ಲಿ ಆ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ, ಹೊಸ ಫೋನಿಗೆ ಹೋಗುವವರು ಕಡಿಮೆಯಾದದ್ದಕ್ಕೆ ಇದೂ ಒಂದು ಕಾರಣ ಎಂದು ಹೇಳಿದರು. ಅಂದರೆ ಬ್ಯಾಟರಿ ಹೊಸತಾದರೆ ಫೋನೇ ಹೊಸತಾದ ಹಾಗೆ ಅನಿಸುವವರು ಬಹಳ ಮಂದಿ ಎಂದು ಮಾರುವವರಿಗೇ ಗೊತ್ತುಂಟು.

ಜಾಗದ ವಿಷಯ ಕೇಳಲೇ ಬೇಡಿ. 64 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ವಾಟ್ಸಾಪಿನಿಂದ ತಾನಾಗಿ ಇಳಿದ ವಿಡಿಯೋಗಳು. ಅದರಲ್ಲೂ ಒಂದೇ ರೋಸಿನ ವಿಡಿಯೋ ಮೂರು ಗುಂಪಿನಿಂದ ಮೂರು ಸಲ. ಜಾಗ ತುಂಬಿದ ಫೋನ್ ಸ್ಲೋ ಆಗಿಯೇ ಆಗುತ್ತದೆ. ಅಲ್ಲೇ ಕೂತು ಅಳಿಸಿದೆವು. ಆ ಕ್ಷಣಕ್ಕೆ ಫೋನ್ ಸ್ವಲ್ಪ ಚುರುಕಾಯಿತು, ಅವನ ಮುಖ ಸಪ್ಪೆಯಾಯಿತು.

5ಜಿ ಬೇಡವಾ ಎಂದು ಇನ್ನೊಬ್ಬಳು ಕೇಳಿದಳು. ನಮ್ಮ ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಪೇಟೆಯಲ್ಲಿ ಕೆಲಸ ಮಾಡುವವರಿಗೆ ಅದರ ಪ್ರಯೋಜನ ಉಂಟು, ಇಲ್ಲ ಎನ್ನುವುದಿಲ್ಲ. ಆದರೆ ಗುಡ್ಡದ ಆಚೆ ಬದಿಯ ವಾಳೆಯಲ್ಲಿ 4ಜಿಗೇ ರೇಂಜ್ ಸಿಗಬೇಕಾದರೆ ಅಂಗಳದ ತೆಂಗಿನಮರದ ಹತ್ತಿರ ಬರಬೇಕು. ಇಲ್ಲದ ಟವರನ್ನು ಫೋನ್ ತಂದು ಕೊಡುವುದಿಲ್ಲ.

ಹಾಗಾದರೆ ಫೋನ್ ಬದಲಿಸಲೇ ಬಾರದಾ? ಹಾಗೂ ಅಲ್ಲ. ಒಂದು ಕಾರಣ ನಿಜವಾದ ಕಾರಣ, ಮತ್ತು ಅದನ್ನು ಯಾರೂ ನೋಡುವುದಿಲ್ಲ. ಸೆಟ್ಟಿಂಗ್ಸಿನಲ್ಲಿ 'ಅಬೌಟ್ ಫೋನ್' ಒಳಗೆ ಹೋಗಿ ಆಂಡ್ರಾಯ್ಡ್ ವರ್ಷನ್ ಒತ್ತಿದರೆ ಸೆಕ್ಯುರಿಟಿ ಅಪ್ಡೇಟಿನ ತಾರೀಕು ಕಾಣುತ್ತದೆ. ಕಳ್ಳರು ಒಳಗೆ ನುಗ್ಗುವ ಹೊಸ ಹೊಸ ತೂತುಗಳನ್ನು ಕಂಪನಿಯವರು ಕೊನೆಯದಾಗಿ ಮುಚ್ಚಿದ್ದು ಯಾವಾಗ ಎಂದು ಅದು ಹೇಳುತ್ತದೆ. ಎರಡು ಮೂರು ವರ್ಷದ ಹಿಂದಿನ ತಾರೀಕು ಇದ್ದರೆ, ಆ ಫೋನ್ ನೋಡಲು ಎಷ್ಟೇ ಚಂದ ಇದ್ದರೂ ಹಣದ ವ್ಯವಹಾರಕ್ಕೆ ಒಳ್ಳೆಯದಲ್ಲ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಎಸ್24ಕ್ಕೆ ಏಳು ವರ್ಷದ ಅಪ್ಡೇಟ್ ಕೊಡುತ್ತೇವೆ ಎಂದಿವೆ. ಅವೆಲ್ಲ ದುಬಾರಿ ಫೋನುಗಳು. ಹತ್ತು ಹನ್ನೆರಡು ಸಾವಿರದವಕ್ಕೆ ಅಷ್ಟು ಆಯುಸ್ಸು ಸಿಗುವುದು ಅಪರೂಪ. ಆದ್ದರಿಂದ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಅಪ್ಡೇಟ್ ಎಷ್ಟು ವರ್ಷ ಎಂದು ಕೇಳಬೇಕು. ವಾಟ್ಸಾಪ್ ಓಡುತ್ತದಲ್ಲ ಎಂದು ಧೈರ್ಯ ಪಡಬೇಡಿ. 2025ರ ಜನವರಿಯಲ್ಲಿ ಆಂಡ್ರಾಯ್ಡ್ 4.4ನ್ನು ಕೈಬಿಟ್ಟ ಮೇಲೂ ಅದಕ್ಕೆ ಆಂಡ್ರಾಯ್ಡ್ 5 ಇದ್ದರೆ ಸಾಕಿತ್ತು, ಮತ್ತು ಆಂಡ್ರಾಯ್ಡ್ 5 ಬಂದದ್ದು 2014ರಲ್ಲಿ.

ಇನ್ನು ಆ ಬಡ್ಡಿ ಇಲ್ಲದ ಇಎಂಐ. ಇದರ ಬಗ್ಗೆ ನಮಗೆ ಸ್ವಲ್ಪ ಸಿಟ್ಟು ಉಂಟು, ಯಾಕೆಂದರೆ ಕಳೆದ ವರ್ಷ ನಮ್ಮಲ್ಲಿ ಇಬ್ಬರು ಕೈ ಸುಟ್ಟುಕೊಂಡಿದ್ದೇವೆ. ಬಡ್ಡಿ ಇಲ್ಲದ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗ ಸಾಮಾನ್ಯವಾಗಿ ನಡೆಯುವುದು ಹೀಗೆ: ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಅಂಗಡಿಯವರು ಅಥವಾ ಕಂಪನಿಯವರು ಬೆಲೆಯಲ್ಲಿ ರಿಯಾಯಿತಿ ಎಂದು ಕಳೆಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ನಮ್ಮ ತಲೆಗೆ, ಪ್ರೊಸೆಸಿಂಗ್ ಫೀ ಬೇರೆ. ಒಂದು ಕಂತು ತಪ್ಪಿದರೆ ದಂಡ. ಅದಕ್ಕೆ, ಮೊದಲು ಇಎಂಐ ಸುದ್ದಿ ಎತ್ತದೆ "ಪೂರ್ತಿ ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿ. ಎರಡು ಬೆಲೆಗಳ ನಡುವಿನ ವ್ಯತ್ಯಾಸವೇ ನಿಮ್ಮ ಬಡ್ಡಿ. 32,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,667 ರೂಪಾಯಿ. ಬೀಡಿ ಕಟ್ಟುವ ಮನೆಯಲ್ಲಿ ಅಷ್ಟು ಹಣಕ್ಕೆ ಎಷ್ಟು ದಿನ ಕೂರಬೇಕು ಎಂದು ನಮ್ಮಲ್ಲಿ ಕೆಲವರಿಗೆ ಬಾಯಿಪಾಠ ಉಂಟು. (2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿಯಿತು ಎಂದು ಸುದ್ದಿ ಬಂದಾಗ ನಮ್ಮ ಗುಂಪಿನಲ್ಲಿ ಪಟಾಕಿ ಸಿಡಿದಿತ್ತು. ಇಳಿದದ್ದು ದೊಡ್ಡ ಟಿವಿ, ಎಸಿಗಳದ್ದು. ಫೋನಿನದ್ದು 18 ಇತ್ತು, 18ರಲ್ಲೇ ನಿಂತಿತು.)

ಇಲ್ಲಿಯವರೆಗೆ ಮಾತು ಸುಲಭವಾಗಿತ್ತು. ಆಗ ಮೂಲೆಯಲ್ಲಿ ಕೂತಿದ್ದ ಒಬ್ಬಳು ಕೇಳಿದಳು: "ಹೊಸತು ತೆಗೆದರೆ ಹಳೆಯದನ್ನು ಎಂತ ಮಾಡ್ತಿ?"

"ಮಮ್ಮಿಗೆ ಕೊಡ್ತೇನೆ."

ಎಲ್ಲರೂ ತಲೆಯಾಡಿಸಿದೆವು. ಸಹಜ ಉತ್ತರ. ನಮ್ಮೆಲ್ಲರ ಮನೆಯಲ್ಲೂ ನಡೆಯುವುದು ಇದೇ. ಮಗನಿಗೋ ಮಗಳಿಗೋ ಹೊಸ ಫೋನ್, ಅವರದ್ದು ತಾಯಿಗೆ, ತಾಯಿಯದ್ದು ಅಜ್ಜಿಗೆ. ಅಂಗಿ ಇಳಿದ ಹಾಗೆ ಫೋನ್ ಇಳಿಯುತ್ತದೆ. ವ್ಯತ್ಯಾಸ ಏನೆಂದರೆ ಅಂಗಿ ದೊಡ್ಡವನಿಂದ ಚಿಕ್ಕವನಿಗೆ ಹೋಗುತ್ತದೆ, ಫೋನ್ ಚಿಕ್ಕವರಿಂದ ದೊಡ್ಡವರಿಗೆ.

"ಈಗ ಮಮ್ಮಿಯ ಹತ್ತಿರ ಇರುವುದು ಯಾವುದು?" ಎಂದು ಅವಳು ಬಿಡಲಿಲ್ಲ. ಅದೂ ಅವನದ್ದೇ, ಅದಕ್ಕಿಂತ ಹಿಂದಿನದ್ದು. ಒಮ್ಮೆ ಬೈಕಿನಿಂದ ಬಿದ್ದು ಗಾಜು ಒಡೆದದ್ದು. ಅವನು ಹೇಳುತ್ತಾ ಹೋದ, ಮೊದಲು ನಗುತ್ತಲೇ. ಪರದೆಯ ಬಲಬದಿಯಲ್ಲಿ ಒಂದು ಪಟ್ಟಿಯಷ್ಟು ಜಾಗದಲ್ಲಿ ಟಚ್ ಕೆಲಸ ಮಾಡುವುದಿಲ್ಲ. ಕಾಲ್ ತೆಗೆಯಲು ತೊಂದರೆ ಇಲ್ಲ, ಆದರೆ ಹಣ ಕಳಿಸುವಾಗ ಪಿನ್ ಒತ್ತುವ ಜಾಗದಲ್ಲಿ 3, 6, 9 ಅಂಕೆಗಳು ಇರುವುದು ಬಲಬದಿಯಲ್ಲೇ. ಅವರ ಪಿನ್‌ನಲ್ಲಿ ಎರಡು ಅಂಕೆ ಆ ಸಾಲಿನದ್ದು.

"ಹಾಗಾದರೆ ಹಣ ಹೇಗೆ ಕಳಿಸುತ್ತಾರೆ?"

ಅಂಗಡಿಯವರ ಫೋನಿನಿಂದ ಕಳಿಸಿ ನಗದು ಕೊಡುತ್ತಾರೆ. ಅಥವಾ ಪಕ್ಕದ ಮನೆಯ ಹುಡುಗನಿಗೆ ಫೋನ್ ಕೊಟ್ಟು ಪಿನ್ ಹೇಳುತ್ತಾರೆ. ಅವನು ಬೆರಳನ್ನು ಅಡ್ಡ ಹಿಡಿದು ಹೇಗೋ ಒತ್ತುತ್ತಾನೆ. ಕೆಲವು ಸಲ ಹಾಲಿನ ಸೊಸೈಟಿಯಲ್ಲಿ ಯಾರಾದರೂ ಒತ್ತಿ ಕೊಟ್ಟದ್ದೂ ಉಂಟು. ಆ ತಾಯಿ ಕುಟುಂಬಶ್ರೀಯ ಲೆಕ್ಕ ನೋಡುವವರು. ಹತ್ತಾರು ಹೆಂಗಸರ ವಾರದ ಉಳಿತಾಯ ಅವರ ಕೈಯಲ್ಲಿ ಹಾದು ಹೋಗುತ್ತದೆ. ಅವರ ಪಿನ್ ಅರ್ಧ ವಾಳೆಗೆ ಗೊತ್ತು.

ಹೇಳುವಾಗ ಅವನ ನಗು ನಿಂತಿತು. ಇದುವರೆಗೆ ಒಂದು ರೂಪಾಯಿ ಹೋಗಿಲ್ಲ, ನಮ್ಮ ಜನ ಒಳ್ಳೆಯವರು. ಆದರೆ ನಾವು ಉಳಿದವರು ನಮ್ಮ ನಮ್ಮ ಮನೆ ನೆನೆದು ಸುಮ್ಮನಾದೆವು. ಆ ರಾತ್ರಿ ಮನೆಗೆ ಹೋಗಿ ಎಲ್ಲರೂ ತಾಯಿಯ ಫೋನ್ ತೆಗೆದು ನೋಡುವುದು ಎಂದು ಮಾತಾಯಿತು. ಮರುದಿನ ಗುಂಪಿನಲ್ಲಿ ಬಂದ ಉತ್ತರಗಳು ಖುಷಿ ಕೊಡುವಂಥವಲ್ಲ. ಒಬ್ಬರದ್ದು ಸೆಕ್ಯುರಿಟಿ ಅಪ್ಡೇಟ್ 2020ರದ್ದು. ಒಬ್ಬರ ಸ್ಪೀಕರ್ ಹೋಗಿ ಬ್ಯಾಂಕಿನ ಕರೆ ಯಾವುದು, ಮೋಸದ ಕರೆ ಯಾವುದು ಎಂದು ಸರಿಯಾಗಿ ಕೇಳಿಸುವುದೇ ಇಲ್ಲ. ಒಬ್ಬರ ಫೋನಿನಲ್ಲಿ ಮಗಳ ಹಳೆಯ ಖಾತೆಯೇ ಇನ್ನೂ ಇದೆ, ಪಾಸ್‌ವರ್ಡ್ ಇಬ್ಬರಿಗೂ ನೆನಪಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ನಾವು "ನನ್ನ ಫೋನ್ ಬದಲಿಸುವುದು ಲಾಭವಾ" ಎಂದು ಕೇಳುತ್ತೇವೆ. ಕೇಳಬೇಕಾದದ್ದು, ಈ ಮನೆಯಲ್ಲಿ ಎಲ್ಲಕ್ಕಿಂತ ಹಾಳಾದ ಫೋನ್ ಯಾರ ಕೈಯಲ್ಲಿ ಉಂಟು, ಅವರು ಅದರಲ್ಲಿ ಏನೇನು ಮಾಡುತ್ತಾರೆ ಎಂದು. ಮೋಸದ ಲಿಂಕನ್ನು ಗುರುತಿಸಲು ಬರುವ ನಮ್ಮ ಕೈಯಲ್ಲಿ ಗಟ್ಟಿ ಫೋನ್, ಗುರುತಿಸಲು ಬಾರದವರ ಕೈಯಲ್ಲಿ ಬಾಗಿಲು ಮುರಿದ ಫೋನ್. ಪಿಂಚಣಿ ಬರುವುದು, ಗ್ಯಾಸ್ ಬುಕ್ ಆಗುವುದು, ಗಲ್ಫಿನಿಂದ ಅಪ್ಪ ಕಳಿಸಿದ ಹಣದ ಮೆಸೇಜ್ ಬರುವುದು ಎಲ್ಲ ಅದಕ್ಕೇ. ಹೊಸ ಫೋನ್ ಬಂದ ಕೂಡಲೇ ಮೋಸ ನಿಲ್ಲುತ್ತದೆ ಎಂದು ನಾವು ಹೇಳುವುದಿಲ್ಲ. ದಂಡದ ಚಲನ್ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲನ್ನು ಯಾವ ಫೋನಿನಲ್ಲಿ ಒತ್ತಿದರೂ ಅಪಾಯವೇ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ತಾಯಂದಿರಿಗೆ ಹೇಳಿಕೊಡುವುದು ಫೋನಿಗಿಂತ ಮುಖ್ಯ. ಆದರೂ ಪಿನ್ ತಾವೇ ಒತ್ತಲು ಆಗುವ ಒಂದು ಪರದೆ ಅವರಿಗೆ ಬೇಕಲ್ಲ.

ಇದಕ್ಕೆ ಅಡ್ಡ ಮಾತೂ ಬಂತು. ಬರ್ತಡೇ, ಮದುವೆಗಳಿಗೆ ಫೋನಿನಲ್ಲೇ ರೀಲ್ ಮಾಡಿ ಸಂಪಾದಿಸುವ ಒಬ್ಬನಿದ್ದಾನೆ. ಅವನಿಗೆ ಕ್ಯಾಮೆರಾ ಹೊಟ್ಟೆಪಾಡು, ಅವನು ತೆಗೆಯಲಿ. ನರ್ಸಿಂಗ್ ಮುಗಿಸಿ ವಿದೇಶದ ಪರೀಕ್ಷೆಗೆ ಫೋನಿನಲ್ಲೇ ಕ್ಲಾಸ್ ಕೇಳುವವಳಿದ್ದಾಳೆ, ಪರದೆ ಒಡೆದರೆ ಅವಳ ವರ್ಷ ಹೋಗುತ್ತದೆ. ನಾವು ಅವರ ಬಗ್ಗೆ ಮಾತಾಡುತ್ತಿಲ್ಲ. ಇನ್ನೊಬ್ಬ ನೇರವಾಗಿ ಹೇಳಿದ, "ನನಗೆ ಆಸೆ, ಅಷ್ಟೇ. ನಾನು ದುಡಿದ ಹಣ." ಅದಕ್ಕೆ ನಮ್ಮಲ್ಲಿ ಉತ್ತರ ಇಲ್ಲ. ಆಸೆ ಎಂದು ಒಪ್ಪಿ ತೆಗೆಯುವವನು, ಬ್ಯಾಟರಿಯ ನೆಪ ಹೇಳುವವನಿಗಿಂತ ಮೇಲು ಎಂದು ನಮಗೆ ಅನಿಸುತ್ತದೆ.

ದೊಡ್ಡ ಅಡ್ಡಿ ಬರುವುದು ತಾಯಂದಿರಿಂದಲೇ. "ನಂಗೆ ಎಂತಕ್ಕೆ ಹೊಸ ಫೋನ್? ಕಾಲ್ ಬಂದ್ರೆ ಕೇಳ್ತದಲ್ಲ, ಸಾಕು." ಈ ಮಾತನ್ನು ನಂಬಬೇಡಿ. ಮೀನಿನ ತಲೆಯೇ ನನಗೆ ಇಷ್ಟ ಎಂದು ಹೇಳುವವರೂ ಅವರೇ.

ತಾಯಿಗೆ 32,000ದ್ದು ಬೇಕೆಂದಿಲ್ಲ. ಅಪ್ಡೇಟ್ ಇರುವ, ಅಕ್ಷರ ದೊಡ್ಡದು ಮಾಡಿದರೆ ಕಣ್ಣಿಗೆ ಹಿತವಾದ, ಸ್ಪೀಕರ್ ಗಟ್ಟಿ ಇರುವ ಸಾಧಾರಣ ಫೋನ್ ಸಾಕು. ಸೆಕೆಂಡ್ ಹ್ಯಾಂಡ್ ಆದರೆ ಒಂದು ಎಚ್ಚರ: *#06# ಒತ್ತಿದರೆ ಬರುವ ಐಎಂಇಐ ನಂಬರನ್ನು ಸಂಚಾರ್ ಸಾಥಿಯಲ್ಲಿ ಹಾಕಿ, ಅದು ಕಳವಿನದ್ದು ಎಂದು ತಡೆಹಿಡಿದದ್ದಲ್ಲ ಎಂದು ಖಚಿತ ಮಾಡಿಕೊಳ್ಳಿ. ಕೈಬಿಟ್ಟ ಫೋನನ್ನು ಗೋದ್ರೇಜ್ ಕಪಾಟಿನಲ್ಲಿ ಇಡಬೇಡಿ. ಖಾತೆ ತೆಗೆದು ಪೂರ್ತಿ ಅಳಿಸಿ, ಇ–ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತಾರೆ ಎಂದು ಹರಿತ ಕರ್ಮ ಸೇನೆಯವರಲ್ಲಿ ಕೇಳಿ. ಉಬ್ಬಿದ ಬ್ಯಾಟರಿ ಬೆಂಕಿಗೆ ದಾರಿ.

ನಮ್ಮ ಗೆಳೆಯ ಕೊನೆಗೆ ಇಎಂಐ ಮಾಡಲಿಲ್ಲ. ತನ್ನದಕ್ಕೆ ಬ್ಯಾಟರಿ ಹಾಕಿಸಿದ, ತಾಯಿಗೆ ಹನ್ನೊಂದು ಸಾವಿರದ್ದೊಂದು ನಗದು ಕೊಟ್ಟು ತಂದ. ಹನ್ನೊಂದು ಸಾವಿರ ಯಾಕೆ ಎಂದು ಆ ತಾಯಿ ಒಂದು ವಾರ ಮಾತಾಡಲಿಲ್ಲವಂತೆ. ಎಂಟನೇ ದಿನ ಅವರೇ ಕೂತು ಪಿನ್ ಬದಲಿಸಿದರು. ಹೊಸ ಪಿನ್ ಏನು ಎಂದು ಇವನು ಕೇಳಿದ್ದಕ್ಕೆ, "ನಿನಗೆ ಯಾಕೆ?" ಎಂದರಂತೆ. ಇವನಿಗೆ ಆ 32,000ದ್ದರ ಆಸೆ ಇನ್ನೂ ಹೋಗಿಲ್ಲ, ಕ್ರಿಸ್ಮಸ್ ಆಫರ್ ನೋಡುತ್ತಿದ್ದಾನೆ.