ಕೊಂಡ ಪುಸ್ತಕಕ್ಕೆ ಬೀಗ ಬೇಡ: ಇ-ಪುಸ್ತಕ ಓದುಗರ, ಬರಹಗಾರರ ಹಕ್ಕೊತ್ತಾಯ ಪತ್ರ

ಕನ್ನಡದ ಪ್ರಕಾಶಕರಿಗೆ, ಇ-ಪುಸ್ತಕ ಮಾರಾಟಗಾರರಿಗೆ,

ಕಳೆದ ತಿಂಗಳು ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಕಾದಂಬರಿಯ ಪಿಡಿಎಫ್ ಬಂತು. ಪುಟದ ಅಂಚಿನಲ್ಲಿ ಯಾರದೋ ಹೆಬ್ಬೆರಳು, ಮೊದಲ ಹಾಳೆಯಲ್ಲಿ ಗ್ರಂಥಾಲಯದ ನೀಲಿ ಮೊಹರು. ಅಚ್ಚಾದ ಪುಸ್ತಕವನ್ನೇ ಮೊಬೈಲಿನಲ್ಲಿ ಒಂದೊಂದೇ ಹಾಳೆಯಾಗಿ ಹಿಡಿದದ್ದು. ಇ-ಪುಸ್ತಕಕ್ಕೆ ನಕಲು ತಡೆಯುವ ಎಂಥ ಡಿಜಿಟಲ್ ಬೀಗ ಜಡಿದಿದ್ದರೂ ಈ ಕಳ್ಳತನ ನಿಲ್ಲುತ್ತಿರಲಿಲ್ಲ. ಆದರೆ ಅದೇ ಕಾದಂಬರಿಯ ಇ-ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡ ನಮ್ಮ ಗೆಳತಿಗೆ, ಫೋನ್ ಬದಲಿಸಿದ ಮೇಲೆ ಆ ಬೀಗದಿಂದಾಗಿ ಅದು ತೆರೆಯುತ್ತಿಲ್ಲ.

ನಮ್ಮ ಒತ್ತಾಯಗಳಿವು:

1. ಮಾರಿದ ಪುಸ್ತಕದ ಬೀಗ ತೆಗೆಯಿರಿ. ಪುಟ ತೆರೆಯಬೇಕಾದರೆ ಬೀಗದ ಕೀಲಿಯೂ ಓದುವವರ ಫೋನಿಗೆ ಬರಲೇಬೇಕು. ಪಳಗಿದವರು ಅದನ್ನು ಹುಡುಕಿ ಬಿಚ್ಚುತ್ತಾರೆ. ಒಬ್ಬರು ಬಿಚ್ಚಿದರೆ ಸಾಕು, ಆಮೇಲೆ ಊರೆಲ್ಲ ಹರಿದಾಡುತ್ತದೆ. ವಿಜ್ಞಾನ ಕಾದಂಬರಿಗಳಿಗೆ ಹೆಸರಾದ ಪ್ರಕಾಶನ ಸಂಸ್ಥೆ ಟಾರ್ ಬುಕ್ಸ್ 2012ರಲ್ಲಿ ತನ್ನ ಇ-ಪುಸ್ತಕಗಳ ಬೀಗ ತೆಗೆಯಿತು. ಅದರಿಂದ ಕಳ್ಳಪ್ರತಿಗಳು ಎದ್ದು ಕಾಣುವಷ್ಟು ಹೆಚ್ಚಲಿಲ್ಲವೆಂದು ವರ್ಷದ ಬಳಿಕ ಆ ಸಂಸ್ಥೆಯೇ ಹೇಳಿತು.

2. ಬದಲಿಗೆ, ಮಾರುವ ಫೈಲಿನೊಳಗೆ ಆರ್ಡರ್ ಸಂಖ್ಯೆಯ ಗುರುತು ಹಾಕಿ. ಇದನ್ನೂ ಅಳಿಸಬಲ್ಲವರಿದ್ದಾರೆ, ನಿಜ. ಆದರೆ ಯೋಚಿಸದೆ ಗುಂಪಿಗೆ ಕಳಿಸಿಬಿಡುವ ಕೈ ಅಷ್ಟಕ್ಕೇ ಹಿಂಜರಿಯುತ್ತದೆ. ಹೆಸರು, ಫೋನ್ ನಂಬರು ಮಾತ್ರ ಬೇಡ.

3. ಅಂಗಡಿ ಮುಚ್ಚುವ ಮುನ್ನ ಬೀಗವಿಲ್ಲದ ಪ್ರತಿ ಕೊಡಿ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿ ಮುಚ್ಚಿದಾಗ ಹಣ ವಾಪಸಾಯಿತು, ಪುಸ್ತಕ ಉಳಿಯಲಿಲ್ಲ. ಅಂಗಡಿ ತೆರೆದಿದ್ದರೂ ಭರವಸೆಯಿಲ್ಲ: 2009ರಲ್ಲಿ ಅಮೆಜಾನ್, ಜಾರ್ಜ್ ಆರ್ವೆಲ್‌ರ ‘1984’ನ್ನು ಕೊಂಡವರ ಕಿಂಡಲ್‌ನಿಂದಲೇ ಅಳಿಸಿತ್ತು, ಅದನ್ನು ಅಲ್ಲಿ ಮಾರಾಟಕ್ಕಿಟ್ಟವರಿಗೆ ಆ ಹಕ್ಕಿರಲಿಲ್ಲ ಎಂಬುದು ಕಾರಣ. ಕೊಂಡವರು ಮಾಡಿದ ತಪ್ಪೇನು?

4. ಕಣ್ಣು ಕಾಣದ ಓದುಗರನ್ನು ಹೊರಗಿಡಬೇಡಿ. ಓದಿ ಹೇಳುವ ತಂತ್ರಾಂಶಕ್ಕೆ ಬೀಗದ ಫೈಲು ಎಷ್ಟೋ ಸಲ ದಕ್ಕುವುದೇ ಇಲ್ಲ. ಅವರಿಗೆ ಒಗ್ಗುವ ರೂಪದಲ್ಲಿ ಪ್ರತಿ ಮಾಡಿಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯ್ದೆ 2012ರ ತಿದ್ದುಪಡಿಯಲ್ಲೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶವೂ ನಮ್ಮದೇ.

5. ಅಚ್ಚು ಮುಗಿದ ಪುಸ್ತಕಗಳನ್ನು ಇ-ಪುಸ್ತಕವಾಗಿ ಮಾರಾಟಕ್ಕಿಡಿ. ಎಲ್ಲೂ ಸಿಗದ ಪುಸ್ತಕವನ್ನು ಹುಡುಕಿ ಸೋತವರೇ ಕೊನೆಗೆ ಗುಂಪಿನಲ್ಲಿ “ಯಾರ ಹತ್ರಾದ್ರೂ ಪಿಡಿಎಫ್ ಇದೆಯಾ?” ಎಂದು ಕೇಳುವುದು.

6. ಕಳ್ಳಪ್ರತಿ ಮಾರಿ ದುಡ್ಡು ಮಾಡುವವರ ಮೇಲೆ ನೀವೇ ದೂರು ಕೊಡಿ. ಬರೆದವರೊಬ್ಬರೇ ಠಾಣೆಗೆ ಅಲೆಯುವಂತಾಗಬಾರದು.